ಇನ್ನೊಂದೇ ಎಲಿ, ಅಜ್ಜಾ!

ಸಿನಿಮಾ ನೋಡಿದವರು ಸಿನಿಮಾದ ಬಗ್ಗೆ ಬರೆಯುತ್ತಾರೆ, ಪುಸ್ತಕ ಓದಿದವರು ಪುಸ್ತಕದ ಬಗ್ಗೆ ಬರೆಯುತ್ತಾರೆ. ಆಟ ಆಡಿದವರು ಆಟದ ಬಗ್ಗೆ ಬರೆಯುವುದು ಮಾತ್ರ ಕಡಿಮೆ. ಕ್ರಿಕೆಟ್ ಬಗ್ಗೆ ಬರೆಯುತ್ತಾರೆ, ನಿಜ. ಆದರೆ ಅದು ಬೇರೆಯವರು ಆಡಿದ್ದು, ನಾವು ನೋಡಿದ್ದು. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಮಕ್ಕಳು ಮರಿ ಸೇರಿ ಆಡುವ ಆಟ ಹೇಗಿದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲವೇ, ಮಕ್ಕಳ ಕೈಗೆ ಕೊಡಬಹುದೇ ಎಂದು ಹೇಳುವವರು ಸಿಗುವುದಿಲ್ಲ. ಆದ್ದರಿಂದ ಆ ಕೆಲಸವನ್ನು ಈ ಸಲ ನಾನೇ ಮಾಡುತ್ತಿದ್ದೇನೆ. ನನ್ನ ಅರ್ಹತೆ ಇಷ್ಟೇ: ಒಂದು ಬಿ.ಕಾಂ. ಪದವಿ, ಬ್ಯಾಂಕಿನ ಕೌಂಟರಿನಲ್ಲಿ 35 ವರ್ಷ ಬೇರೆಯವರ ದುಡ್ಡು ಎಣಿಸಿದ ಬೆರಳುಗಳು, ಮತ್ತು ಮೂರು ಮೊಮ್ಮಕ್ಕಳು.

ಆಟದ ಹೆಸರು ‘ಇಂಕನ್ ಗೋಲ್ಡ್’. ಪುಣೆಯಲ್ಲಿರುವ ನನ್ನ ಹಿರಿಯ ಮಗ ಬೇಸಿಗೆ ರಜೆಗೆ ತೆಲಸಂಗಕ್ಕೆ ಬರುವಾಗ ಮಕ್ಕಳ ಚೀಲದಲ್ಲಿ ಇದೂ ಬಂತು. ಒಳಗಿರುವುದು ಒಂದು ಕಟ್ಟು ಎಲೆ, ಒಂದಿಷ್ಟು ಬಣ್ಣದ ಪ್ಲಾಸ್ಟಿಕ್ ಹರಳು. ಕಥೆಯೂ ಸರಳ. ಹಳೆಯ ಗುಡಿಯೊಂದರ ಗವಿಯೊಳಗೆ ನಿಧಿ ಇದೆ. ಎಲ್ಲರೂ ಒಟ್ಟಿಗೆ ಒಳಗೆ ಹೋಗಬೇಕು. ಹೋದಷ್ಟೂ ಹರಳು ಸಿಗುತ್ತದೆ, ಹೋದಷ್ಟೂ ಅಪಾಯವೂ ಹೆಚ್ಚುತ್ತದೆ. ಯಾವಾಗ ಹೊರಗೆ ಬರಬೇಕು ಎಂಬುದೊಂದೇ ಪ್ರಶ್ನೆ.

ಹೊಸ್ತಿಲ ಹೊರಗಿನ ಎಲಿ

ಆಟದ ನಿಯಮ ಹೇಳುವ ಮೊದಲು ನಮ್ಮ ಮನೆಯ ನಿಯಮ ಹೇಳಬೇಕು. ನಮ್ಮ ಮನೆಯಲ್ಲಿ ಚೌಕಾಬಾರ ಇತ್ತು, ಪಗಡಿ ಇತ್ತು, ಅಳಗುಳಿ ಮಣೆ ಈಗಲೂ ಅಟ್ಟದ ಮೇಲಿದೆ. ಇಸ್ಪೀಟು ಮಾತ್ರ ಇರಲಿಲ್ಲ. ನಮ್ಮ ಭಾಗದಲ್ಲಿ ಇಸ್ಪೀಟಿಗೆ ‘ಎಲಿ’ ಎನ್ನುತ್ತಾರೆ. “ಎಲಿ ಈ ಮನಿ ಹೊಸ್ತಿಲಾ ದಾಟಬಾರದು” ಎಂದು ನನ್ನ ತಂದೆ ಹೇಳಿದ್ದರು. ಕಾರಣ ಅವರ ತಮ್ಮ, ಅಂದರೆ ನನ್ನ ಕಾಕಾ. ಕೆಟ್ಟ ಮನುಷ್ಯನಲ್ಲ. ಎತ್ತು ಹೂಡಿದರೆ ಸಂಜೆವರೆಗೆ ಸಾಲು ಬಿಡುವವನಲ್ಲ. ಆದರೆ ಜಾತ್ರೆಯಲ್ಲಿ ಅಂದರ್ ಬಾಹರ್ ಆಡಲು ಕುಳಿತರೆ ಏಳುವವನೂ ಅಲ್ಲ. “ಇನ್ನೊಂದು ಕೈ, ಇನ್ನೊಂದು ಕೈ” ಎನ್ನುತ್ತ ತನ್ನ ಪಾಲಿನ ಹೊಲದಲ್ಲಿ ಎರಡು ಎಕರೆ ಬರೆದುಕೊಟ್ಟ. ನಾನು ಆಗ ಕನ್ನಡ ಸಾಲೆಯಲ್ಲಿದ್ದೆ. ಕಾಕಿ ಹೊಲದ ಬದುವಿನ ಮೇಲೆ ಕುಳಿತು ಅತ್ತದ್ದನ್ನು ಕಂಡಿದ್ದೇನೆ. ಹೊಲ ಈಗಲೂ ಅಲ್ಲೇ ಇದೆ, ಬದುವೂ ಇದೆ. ಬೇರೆಯವರು ಬಿತ್ತುತ್ತಾರೆ.

ಹೀಗಿರುವಾಗ ಮೊಮ್ಮಗಳು ಪಡಸಾಲೆಯ ನಡುವೆ ಎಲೆಗಳ ಕಟ್ಟು ತೆಗೆದಿಟ್ಟಾಗ ನನ್ನ ಹೆಂಡತಿ ಅಡುಗೆ ಮನೆಯಿಂದಲೇ ಕೇಳಿದಳು, “ಅವ್ ಏನ್ ಎಲಿ ಏನವಾ?”

“ಆಯೀ, ಇವು ಆ ಎಲಿ ಅಲ್ಲ. ನಿಧಿ ಹುಡುಕೋ ಆಟ.”

“ನಿಧಿ ಅಂದಕೂಡ್ಲೆ ಎಲಿ ಎಲಿ ಅಲ್ಲೇನು?” ಎಂದಳು. ಮಾತಿನಲ್ಲಿ ನ್ಯಾಯವಿತ್ತು. ಎಲ್ಲರೂ ನನ್ನ ಮುಖ ನೋಡಿದರು. ತಂದೆ ಇಲ್ಲದ ಮನೆಯಲ್ಲಿ ಅವರ ಮಾತಿಗೆ ಅರ್ಥ ಹೇಳುವ ಕೆಲಸ ಹಿರಿಯನದೇ ಅಲ್ಲವೇ?

ನಾನು ಬ್ಯಾಂಕಿನ ರೂಢಿಯಂತೆ ಮೊದಲು ಕಾಗದ ಓದಿದೆ. ಎಲೆಗಳನ್ನು ಎಣಿಸಿದೆ. ಆಮೇಲೆ ನನಗೆ ನಾನೇ ಮೂರು ಪ್ರಶ್ನೆ ಹಾಕಿಕೊಂಡೆ. ಇದರಲ್ಲಿ ನಿಜವಾದ ದುಡ್ಡು ಇದೆಯೇ? ಒಬ್ಬ ಗೆದ್ದದ್ದು ಇನ್ನೊಬ್ಬನ ಕಿಸೆಯಿಂದ ಬರುತ್ತದೆಯೇ? ಸೋತವನು ಸೋತದ್ದನ್ನು ಮರಳಿ ಪಡೆಯಲು ಮತ್ತೆ ಕೂರಲೇಬೇಕೆಂಬ ಹುಚ್ಚು ಹತ್ತುತ್ತದೆಯೇ? ಮೂರಕ್ಕೂ ಇಲ್ಲವೆಂದು ಉತ್ತರ ಬಂತು. ದುಡ್ಡಿಲ್ಲ. ಹರಳು ಗವಿಯಿಂದ ಬರುತ್ತದೆ, ಪಕ್ಕದವನ ಕಿಸೆಯಿಂದಲ್ಲ. ಐದು ಸುತ್ತು ಮುಗಿದರೆ ಆಟ ಮುಗಿಯಿತು, ಹರಳು ಡಬ್ಬಿಗೆ ಮರಳುತ್ತವೆ. ತಂದೆ ನಿಷೇಧಿಸಿದ್ದು ರಟ್ಟಿನ ತುಂಡನ್ನಲ್ಲ, ಆ ಎರಡು ಎಕರೆ ಹೋದ ದಾರಿಯನ್ನು ಎಂದು ತಿಳಿದು ಒಪ್ಪಿಗೆ ಕೊಟ್ಟೆ. ಹೆಂಡತಿ ಒಪ್ಪಲಿಲ್ಲ. “ಆಡ್ರಿ, ನಾ ಇಲ್ಲೇ ಕುಂತ ನೋಡ್ತೀನಿ” ಎಂದು ಬಾಗಿಲ ಬಳಿ ಶೇಂಗಾ ಸುಲಿಯುತ್ತ ಕುಳಿತಳು.

ಎಲೆಯೆಂದರೆ ಜೂಜೇ ಎಂಬ ಮಾತು ಹಿಂದೆಯೂ ಪೂರ್ತಿ ನಿಜವಾಗಿರಲಿಲ್ಲ. ನಮ್ಮ ನಾಡಿನಲ್ಲಿ ಗಂಜೀಫಾ ಎಂಬ ದುಂಡನೆಯ ಎಲೆಗಳಿದ್ದವು, ಕೈಯಿಂದ ಚಿತ್ರ ಬರೆದವು. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ 12ರಂತೆ 120 ಎಲೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಎಲೆಯಾಟಗಳಿಗೆ ಆಶ್ರಯ ಕೊಟ್ಟದ್ದಲ್ಲದೆ ತಾವೇ ಹೊಸವನ್ನು ರೂಪಿಸಿದರು. ನಮ್ಮ ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ ಈಗಲೂ ಗಂಜೀಫಾ ಬರೆಯುವವರಿದ್ದಾರೆ. ಪುರಾಣವನ್ನು ಎಲೆಯ ಮೇಲೆ ಕೂರಿಸಿ ಮನೆಯೊಳಗೆ ತಂದವರು ನಮ್ಮ ಹಿರಿಯರೇ.

ಆಟ ಹೀಗೆ

ಈ ಆಟ ಮೊದಲು 2005ರಲ್ಲಿ ಜರ್ಮನಿಯಲ್ಲಿ ‘ಡಿಯಾಮಂಟ್’ ಎಂಬ ಹೆಸರಿನಲ್ಲಿ ಬಂತು. ಕಟ್ಟಿದವರು ಇಬ್ಬರು: ಫ್ರಾನ್ಸಿನ ಬ್ರೂನೋ ಫೈದುತ್ತಿ ಮತ್ತು ಅಮೆರಿಕದ ಅಲನ್ ಮೂನ್. ರೈಲು ದಾರಿ ಹಾಕುವ ‘ಟಿಕೆಟ್ ಟು ರೈಡ್’ ಎಂಬ ಪ್ರಸಿದ್ಧ ಆಟವೂ ಈ ಅಲನ್ ಮೂನ್ ಅವರದೇ. ಅದಕ್ಕೆ 2004ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಬಂದಿತ್ತು. ‘ಇಂಕನ್ ಗೋಲ್ಡ್’ ಡಿಯಾಮಂಟಿನದೇ ಇನ್ನೊಂದು ರೂಪ. ಮೂವರಿಂದ ಎಂಟು ಮಂದಿಯವರೆಗೆ ಆಡಬಹುದು. ಅರ್ಧ ಗಂಟೆ ಸಾಕು.

ನಿಧಿಯ ಎಲೆ 15. ಒಂದೊಂದರ ಮೇಲೆ 1ರಿಂದ 17ರೊಳಗಿನ ಒಂದು ಅಂಕಿ ಇರುತ್ತದೆ, ಅಷ್ಟು ಹರಳು. ಅಪಾಯದ ಎಲೆಯೂ 15. ಹಾವು, ಜೇಡ, ಬೆಂಕಿ, ಉರುಳುವ ಬಂಡೆ, ಮಮ್ಮಿ ಎಂದರೆ ಬಟ್ಟೆ ಸುತ್ತಿದ ಹೆಣ, ಹೀಗೆ ಐದು ಬಗೆ, ಬಗೆಗೆ ಮೂರು. ಇವಲ್ಲದೆ ಐದು ಅಪರೂಪದ ಒಡವೆಯ ಎಲೆಗಳಿವೆ. ಸುತ್ತಿಗೆ ಒಂದರಂತೆ ಅವನ್ನು ಕಟ್ಟಿಗೆ ಸೇರಿಸಬೇಕು. ಅಲ್ಲಿಗೆ ಮೊದಲ ಸುತ್ತಿನಲ್ಲಿ ಒಟ್ಟು 31 ಎಲೆ.

ಒಂದೊಂದೇ ಎಲೆ ತಿರುವುತ್ತ ಹೋಗಬೇಕು. ನಿಧಿ ಬಂದರೆ ಒಳಗಿರುವವರೆಲ್ಲ ಸಮನಾಗಿ ಹಂಚಿಕೊಳ್ಳಬೇಕು. 11 ಹರಳು ಬಂದು ನಾಲ್ವರಿದ್ದರೆ ತಲೆಗೆ ಎರಡು, ಮಿಕ್ಕ ಮೂರು ಅಲ್ಲೇ ಎಲೆಯ ಮೇಲೆ. ಅಪಾಯ ಮೊದಲ ಸಲ ಬಂದರೆ ಬರೀ ಎಚ್ಚರಿಕೆ. ಅದೇ ಅಪಾಯ ಎರಡನೆಯ ಸಲ ಬಂದರೆ ಒಳಗಿದ್ದವರ ಆ ಸುತ್ತಿನ ಗಳಿಕೆಯೆಲ್ಲ ಹೋಯಿತು. ಪ್ರತಿ ಎಲೆಗೂ ಮುಂಚೆ ಎಲ್ಲರೂ ಗುಟ್ಟಾಗಿ ನಿರ್ಧರಿಸಬೇಕು. ಮುಂದೆ ಹೋಗುವವರು ದೀವಟಿಗೆಯ ಎಲೆ, ಹಿಂದಿರುಗುವವರು ಬಿಡಾರದ ಎಲೆ ಹಿಡಿದು ಒಟ್ಟಿಗೆ ತೋರಿಸಬೇಕು. ಹಿಂದಿರುಗುವವನು ತನ್ನ ಹರಳನ್ನು ಡೇರೆಯೊಳಗೆ ಭದ್ರಮಾಡಿಕೊಳ್ಳುತ್ತಾನೆ. ಜೊತೆಗೆ ದಾರಿಯಲ್ಲಿ ಹಂಚಲಾಗದೆ ಉಳಿದಿದ್ದ ಚಿಲ್ಲರೆಯೂ ಅವನಿಗೇ. ಇಬ್ಬರು ಒಟ್ಟಿಗೆ ಹೊರಟರೆ ಚಿಲ್ಲರೆ ಹಂಚಿಕೆ. ಒಬ್ಬನೇ ಹೊರಟರೆ ಮಾತ್ರ ಒಡವೆಯೂ ಸಿಗುತ್ತದೆ.

ಆಟದ ಜಾಣತನವೆಲ್ಲ ಈ ಚಿಲ್ಲರೆಯಲ್ಲಿದೆ ಎನ್ನುವುದು ಗುಮಾಸ್ತನಾದ ನನ್ನ ಅಭಿಪ್ರಾಯ. ದೊಡ್ಡ ಮೊತ್ತದ ಕಡೆ ಎಲ್ಲರ ಕಣ್ಣಿರುತ್ತದೆ. ದಾರಿಯಲ್ಲಿ ಬಿದ್ದ ಮೂರು, ಎರಡು, ಮೂರು ಕೂಡಿ ಎಂಟಾದದ್ದನ್ನು ನೋಡುವವನು ಒಬ್ಬನೇ. ನಮ್ಮ ಮನೆಯಲ್ಲಿ ಆ ಒಬ್ಬ ಯಾರು ಗೊತ್ತೇ? ಒಂಬತ್ತು ವರ್ಷದ ಕಿರಿಯ ಮೊಮ್ಮಗ. ದೊಡ್ಡವರೆಲ್ಲ ಮುಂದೆ ಮುಂದೆ ಎನ್ನುವಾಗ ಅವನು ಸದ್ದಿಲ್ಲದೆ ಬಿಡಾರದ ಎಲೆ ತೋರಿಸಿ ಚಿಲ್ಲರೆ ಬಾಚಿಕೊಂಡು ಹೋಗುತ್ತಿದ್ದ. ಮೂರು ರಾತ್ರಿಯಲ್ಲಿ ಎರಡು ಸಲ ಅವನೇ ಗೆದ್ದ.

ಲೆಕ್ಕ ಬಲ್ಲವರಿಗೆ

ದೊಡ್ಡ ಮೊಮ್ಮಗಳಿಗೆ ಹದಿಮೂರು ವರ್ಷ. ಅವಳಿಗೊಂದು ಅನುಮಾನ ಬಂತು. “ಅಜ್ಜಾ, ಇದು ಬರೇ ನಸೀಬ ಏನು, ಇಲ್ಲಾ ಲೆಕ್ಕಾನೂ ಐತಿ?”

ಇಬ್ಬರೂ ಪೆನ್ಸಿಲ್ ಹಿಡಿದು ಕುಳಿತೆವು. ಮೊದಲ ಸುತ್ತಿನಲ್ಲಿ ನಾಲ್ಕು ನಿಧಿ, ಮೂರು ಬೇರೆ ಬೇರೆ ಅಪಾಯ ಬಂದಿವೆ ಎಂದುಕೊಳ್ಳಿ. ತಿರುವಿದ್ದು ಏಳು, ಉಳಿದದ್ದು 24. ಕಂಡ ಮೂರು ಅಪಾಯಗಳ ಜೋಡಿ ಎಲೆಗಳು ಎರಡೆರಡು, ಅಂದರೆ ಆರು ಎಲೆ ನಮ್ಮನ್ನು ಮುಳುಗಿಸಬಲ್ಲವು. 24ರಲ್ಲಿ 6, ಅಂದರೆ ನಾಲ್ಕರಲ್ಲಿ ಒಂದು ಪಾಲು. ಎರಡೇ ಅಪಾಯ ಬಂದಿದ್ದರೆ? ಉಳಿದ 25ರಲ್ಲಿ 4 ಮಾತ್ರ, ಆರರಲ್ಲಿ ಒಂದರ ಸಮೀಪ. ಒಂದೇ ಒಂದು ಹೊಸ ಅಪಾಯ ಕಾಣಿಸಿದರೆ ಗಂಡಾಂತರ ಎಷ್ಟು ಜಿಗಿಯುತ್ತದೆ ನೋಡಿ.

ಈಗ ಕೈಯಲ್ಲಿ 12 ಹರಳಿದ್ದರೆ, ನಾಲ್ಕರಲ್ಲೊಂದು ಪಾಲು ಸೋಲು ಎಂದರೆ ಸರಾಸರಿ ಮೂರು ಹರಳು ಪಣಕ್ಕಿಟ್ಟ ಹಾಗೆ. ಬದಲಿಗೆ ಸಿಗುವುದೇನು? ನಿಧಿಯ ಎಲೆಯ ಸರಾಸರಿ ಎಂಟರ ಸುಮಾರು. ನಾಲ್ವರು ಹಂಚಿಕೊಂಡರೆ ಎರಡು. ಅದೂ ಮುಂದಿನ ಎಲೆ ನಿಧಿಯೇ ಆದರೆ. ಲೆಕ್ಕ ಹೊರಡು ಎನ್ನುತ್ತದೆ. ಕೈಯಲ್ಲಿ ಎರಡೇ ಹರಳಿದ್ದು, ಜೊತೆಯವರೆಲ್ಲ ಹೊರಟುಹೋಗಿದ್ದರೆ ಅದೇ ಲೆಕ್ಕ ಇರು ಎನ್ನುತ್ತದೆ. ಕಳೆದುಕೊಳ್ಳುವುದು ಕಡಿಮೆ, ಬಂದರೆ ಇಡೀ ಎಂಟು ನಿನ್ನದೇ. ಧೈರ್ಯವೆಂದರೆ ಯಾವಾಗಲೂ ಮುಂದೆ ನುಗ್ಗುವುದಲ್ಲ, ಜಾಣತನವೆಂದರೆ ಯಾವಾಗಲೂ ಹಿಂದೆ ಸರಿಯುವುದೂ ಅಲ್ಲ. ಕೈಯಲ್ಲೆಷ್ಟಿದೆ, ಮುಂದೆಷ್ಟಿದೆ, ಎಷ್ಟು ಜನರ ಪಾಲು ಎಂದು ನೋಡಿ ಹೆಜ್ಜೆ ಇಡುವುದು. ಬಿ.ಕಾಂ.ನಲ್ಲಿ ಇದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ಮೊಮ್ಮಗಳಿಗೆ ಒಂದು ಸಂಜೆ ಸಾಕಾಯಿತು.

ಇನ್ನೊಂದು ಲಾಭವಾಯಿತು. ಪುಣೆಯ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತವೆ, ಆದರೆ ಅಂಕಿ ಬಂದರೆ ಇಂಗ್ಲಿಷಿಗೋ ಮರಾಠಿಗೋ ಜಾರುತ್ತವೆ. ಇಲ್ಲಿರುವ ಹನ್ನೊಂದು ವರ್ಷದ ಮೊಮ್ಮಗ ಹರಳು ಹಂಚುವ ಹೊಣೆ ಹೊತ್ತಿದ್ದ. ಅವನು ಹೇಳುವುದೆಲ್ಲ ಕನ್ನಡದಲ್ಲೇ. “ಹದಿನೇಳು, ಆರು ಮಂದಿ. ತಲಿಗೆ ಎರಡು, ಉಳಿದದ್ದು ಐದು.” ಲೆಕ್ಕದಲ್ಲಿ ಮೋಸವಾಗದಿರಲಿ ಎಂದಾದರೂ ಉಳಿದಿಬ್ಬರು ಕನ್ನಡದಲ್ಲಿ ಎಣಿಸಲು ಕಲಿತರು. ಮೂರನೆಯ ರಾತ್ರಿಗೆ ಎಪ್ಪತ್ತೊಂಬತ್ತು, ಎಂಬತ್ತೊಂಬತ್ತು ಎಲ್ಲ ಸಲೀಸಾಗಿ ಬಂದವು.

ತಿರುವಿದ ಮೇಲಿನ ಮಾತು

ಈಗ ಆ ಮೂರನೆಯ ರಾತ್ರಿಯ ಸಂಗತಿ. ಅದಕ್ಕೂ ಮುಂಚೆ ನಮ್ಮ ಊರಿನ ಬಗ್ಗೆ ಎರಡು ಮಾತು. ಅಥಣಿ ತಾಲ್ಲೂಕಿನ ಈ ಮೂಡಣ ಭಾಗ ಒಣ ಭೂಮಿ. ಕೃಷ್ಣೆಯ ದಂಡೆಯವರಿಗೆ ಕಬ್ಬು ಇದ್ದಂತೆ ನಮಗೆ ದ್ರಾಕ್ಷಿ. ಅಕ್ಟೋಬರ್ ಸುಮಾರಿಗೆ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು. ಫೆಬ್ರುವರಿ, ಮಾರ್ಚ್‌ನಲ್ಲಿ ಗೊನೆ ಕಡಿದು, ನೆರಳು ಬಲೆಯ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಹರಡಿ ಎರಡು ಮೂರು ವಾರ ಒಣಗಿಸಿದರೆ ಒಣದ್ರಾಕ್ಷಿ. ಇಲ್ಲಿಯವರು ಮರಾಠಿಯಂತೆ ಬೇದಾಣೆ ಎನ್ನುತ್ತಾರೆ. ಗೊನೆಯನ್ನು ಬಳ್ಳಿಯಲ್ಲೇ ಇನ್ನು ನಾಲ್ಕು ದಿನ ಬಿಟ್ಟರೆ ಸಕ್ಕರೆ ಏರುತ್ತದೆ, ತೂಕ ಕೂಡುತ್ತದೆ. ಆದರೆ ಆ ನಾಲ್ಕು ದಿನದಲ್ಲಿ ಮೋಡ ಕಟ್ಟಬಹುದು. ನಮ್ಮ ರೈತರು ಪ್ರತಿ ವರ್ಷ ಆಡುವುದು ಇದೇ ಆಟ. ಹರಳು ಮಾತ್ರ ಪ್ಲಾಸ್ಟಿಕ್ಕಿನವಲ್ಲ.

ನನ್ನ ಕಿರಿಯ ಮಗ ದ್ರಾಕ್ಷಿ ಬೆಳೆಯುತ್ತಾನೆ. ಎರಡು ವರ್ಷದ ಹಿಂದೆ ಗೊನೆ ಇನ್ನಷ್ಟು ಪಕ್ವವಾಗಲೆಂದು ಒಂದು ವಾರ ಬಿಟ್ಟ. ಕಡಿದು ಶೆಡ್ಡಿಗೆ ಹಾಕಿದ ಮೇಲೆ, ಇನ್ನೇನು ಒಣಗುತ್ತ ಬಂತು ಎನ್ನುವಾಗ ಗಾಳಿ ಸಮೇತ ಅಕಾಲಿಕ ಮಳೆ ಹೊಡೆಯಿತು. ಮಾಲು ಕಪ್ಪಾಯಿತು. ಬಂದ ಬೆಲೆಯಲ್ಲಿ ಕೂಲಿಯೂ ಹುಟ್ಟಲಿಲ್ಲ. ತೋಟಕ್ಕೆ ಅಣ್ಣನೂ ತನ್ನ ಸಂಬಳದ ಉಳಿತಾಯ ಹಾಕಿದ್ದ. ಸುದ್ದಿ ಕೇಳಿದ ದಿನ ಅವನು ಫೋನಿನಲ್ಲಿ ಅಂದದ್ದು ಒಂದೇ ಮಾತು: “ಒಂದ್ ವಾರ ಮೊದಲ ಕಡದಿದ್ರ ಹಿಂಗ ಆಗತಿದ್ದಿಲ್ಲ.” ಲೆಕ್ಕದ ಪ್ರಕಾರ ಸರಿಯಾದ ಮಾತು. ಅಲ್ಲಿಂದ ಅಣ್ಣ ತಮ್ಮಂದಿರ ನಡುವೆ ಮಾತು ನಿಲ್ಲಲಿಲ್ಲ, ಆದರೆ ಬೇಕಾದಷ್ಟಕ್ಕೆ ಇಳಿಯಿತು. ಹಬ್ಬಕ್ಕೆ ಬಂದರೆ ಒಬ್ಬ ಪಡಸಾಲೆಯಲ್ಲಿ, ಒಬ್ಬ ತೋಟದಲ್ಲಿ. ಜಗಳವಾಗಿದ್ದರೆ ಬಿಡಿಸಬಹುದಿತ್ತು. ಇಲ್ಲಿ ಬಿಡಿಸುವುದಕ್ಕೆ ಏನೂ ಕೈಗೆ ಸಿಗುತ್ತಿರಲಿಲ್ಲ.

ಮೂರನೆಯ ರಾತ್ರಿ ಕರೆಂಟು ಹೋಗಿ, ಬ್ಯಾಟರಿ ದೀಪದ ಬೆಳಕಿನಲ್ಲಿ ಮಾಳಿಗೆಯ ಮೇಲೆ ಆಡುತ್ತಿದ್ದೆವು. ನಡುವೆ ಚುರುಮುರಿ ಚೂಡಾ. ಮಕ್ಕಳ ಒತ್ತಾಯಕ್ಕೆ ಇಬ್ಬರು ಮಕ್ಕಳೂ, ಎಂದರೆ ನನ್ನ ಇಬ್ಬರು ಗಂಡುಮಕ್ಕಳೂ, ಕುಳಿತಿದ್ದರು. ಮೂರನೆಯ ಸುತ್ತು. ಹಾವು ಬಂದಿತ್ತು, ಬೆಂಕಿ ಬಂದಿತ್ತು, ಬಂಡೆ ಬಂದಿತ್ತು. ಒಬ್ಬೊಬ್ಬರೇ ಹೊರಗೆ ಬಂದೆವು. ಕಿರಿಯ ಮಗ ಒಂಬತ್ತು ಹರಳಿಗೆ ಸಾಕೆಂದು ಹೊರಟ. ಒಳಗೆ ಉಳಿದವನು ಹಿರಿಯ ಒಬ್ಬನೇ. ಕೈಯಲ್ಲಿ 23 ಹರಳು. ಮಕ್ಕಳು ಕೂಗುತ್ತಿದ್ದವು, “ಇನ್ನೊಂದೇ ಎಲಿ! ಇನ್ನೊಂದೇ ಎಲಿ, ಅಜ್ಜಾ, ನೀನರ ಹೇಳು!” ನಾನೇನೂ ಹೇಳಲಿಲ್ಲ. ಅವನು ದೀವಟಿಗೆ ತೋರಿಸಿದ. ಎಲೆ ತಿರುವಿದರೆ ಹಾವು.

ನಗು ಎದ್ದಿತು. ನಗುವಿನ ನಡುವೆ ಕಿರಿಯ ಮಗ ಅಂದ, “ಅಣ್ಣಾ, ಒಂದ್ ಎಲಿ ಮೊದಲ ಹೊರಗ ಬಂದಿದ್ರ ಇಪ್ಪತ್ಮೂರು ನಿನ್ನೂವ ಆಗತಿದ್ದೂ.”

ಮಕ್ಕಳಿಗೆ ಅದು ಆಟದ ಮಾತು. ದೊಡ್ಡವರು ಮಾತ್ರ ಸುಮ್ಮನಾದರು. ಚೂಡಾದ ಕಡೆಗೆ ಹೋಗಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಹಿರಿಯ ಆ ಹಾವಿನ ಎಲೆಯನ್ನು ಎತ್ತಿ ಸ್ವಲ್ಪ ಹೊತ್ತು ನೋಡಿದ.

“ತಿರುವಿದ ಮ್ಯಾಲ ಎಲ್ಲಾರಿಗೂ ಗೊತ್ತಾಗ್ತದ ತಮ್ಮಾ. ತಿರುವೂಕಿಂತ ಮೊದಲ ಯಾರಿಗ್ ಗೊತ್ತಿರ್ತದ?” ಎಂದ. ಆಮೇಲೆ ದನಿ ತಗ್ಗಿಸಿ, “ಅವತ್ತ ಫೋನಿನ್ಯಾಗ ನಾ ಅಂದದ್ದೂ ತಿರುವಿದ ಮ್ಯಾಲಿನ ಮಾತ” ಎಂದ.

ಕಿರಿಯ ಉತ್ತರ ಕೊಡಲಿಲ್ಲ. ಎಲೆಗಳನ್ನು ಕೂಡಿಸಿ, ಕಲಸಿ, ಕಟ್ಟನ್ನು ಅಣ್ಣನ ಮುಂದಿಟ್ಟ. “ನಾಕನೇ ಸುತ್ತು. ಈ ಸಲಾ ನೀನ ತಿರುವು” ಎಂದ. ಮರುದಿನ ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಇಬ್ಬರೂ ಮನೆಯಲ್ಲಿರಲಿಲ್ಲ. ತೋಟಕ್ಕೆ ಹೋಗಿದ್ದಾರೆ ಎಂದು ಮೊಮ್ಮಗ ಹೇಳಿದ.

ಆಟ ಸಾಲ ತೀರಿಸಲಿಲ್ಲ, ಕಂತು ಇನ್ನೂ ಇವೆ. ಆದರೆ ಎರಡು ವರ್ಷ ಯಾರೂ ಆಡದ ಮಾತು ಒಂದು ರಟ್ಟಿನ ಹಾವಿನಿಂದ ಹೊರಗೆ ಬಂತು. ಬ್ಯಾಂಕಿನಲ್ಲಿ ನಾನು ಇದನ್ನು ಬಹಳ ಕಂಡಿದ್ದೇನೆ. ಬೆಳೆ ಸಾಲ ಪಡೆದ ರೈತ ಗೆದ್ದರೆ ಜಾಣ, ಸೋತರೆ ದಡ್ಡ ಎಂದು ಕಟ್ಟೆಯ ಮೇಲೆ ಕುಳಿತವರು ತೀರ್ಪು ಕೊಡುತ್ತಿದ್ದರು. ಇಬ್ಬರೂ ಒಂದೇ ದಿನ, ಒಂದೇ ಆಕಾಶ ನೋಡಿ, ಒಂದೇ ನಿರ್ಧಾರ ಮಾಡಿದವರಾಗಿರುತ್ತಿದ್ದರು. ನಿರ್ಧಾರ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಎಲೆ ತಿರುವುವ ಮೊದಲಿನ ತಿಳಿವಳಿಕೆಯಿಂದ ಅಳೆಯಬೇಕು, ತಿರುವಿದ ಮೇಲಿನದರಿಂದಲ್ಲ. ಮಕ್ಕಳಿಗೆ ಪರೀಕ್ಷೆಯ ಅಂಕ ಬಂದಾಗಲೂ ಈ ಮಾತು ನೆನಪಿದ್ದರೆ ಒಳ್ಳೆಯದು.

ನಿಜವಾದ ನಿಧಿ ಯಾರದು?

ಮಕ್ಕಳು ಕೇಳಿದವು, “ಅಜ್ಜಾ, ಈ ಇಂಕಾ ಮಂದಿ ಯಾರು?” ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ, ಈಗಿನ ಪೆರು ದೇಶದ ಕುಸ್ಕೋ ಊರನ್ನು ರಾಜಧಾನಿ ಮಾಡಿಕೊಂಡು ಆಳಿದವರು. 1532ರಲ್ಲಿ ಸ್ಪೇನಿನ ಪಿಝಾರೋ ಅವರ ಅರಸ ಅತಾವಾಲ್ಪನನ್ನು ಸೆರೆಹಿಡಿದ. ಬಿಡುಗಡೆಗಾಗಿ ಒಂದು ಕೋಣೆ ತುಂಬ ಬಂಗಾರ ಕೊಡಿಸಿದರೂ 1533ರಲ್ಲಿ ಅರಸನನ್ನು ಕೊಂದರು. ಅಂದರೆ ಆ ನಿಧಿಗೆ ಒಡೆಯರಿದ್ದರು. ಆಟದ ಡಬ್ಬಿ ಈ ಮಾತು ಹೇಳುವುದಿಲ್ಲ. ಹಿರಿಯರು ಹೇಳಬೇಕು.

“ನಮ್ಮೂರಾಗ ನಿಧಿ ಸಿಕ್ರ?” ಎಂದ ಕಿರಿಯವ. ನಮ್ಮ ಕಡೆ ಹಾಳು ಗುಡಿ, ಹಳೆಯ ವಾಡೆ ಕಂಡರೆ ಅಮಾವಾಸ್ಯೆ ರಾತ್ರಿ ಅಗೆಯುವ ಹುಚ್ಚರು ಇನ್ನೂ ಇದ್ದಾರೆ. ಬಂಗಾರ ಸಿಗುವುದಿಲ್ಲ, ಲಿಂಗ ಬಸವಣ್ಣ ಒಡೆದು ಹೋಗುತ್ತಾರೆ. ಅವನಿಗೆ ನಾನು ಕಾನೂನು ಹೇಳಿದೆ. ಬ್ರಿಟಿಷರ ಕಾಲದಲ್ಲಿ, 1878ರಲ್ಲಿಯೇ ನಿಧಿ ಕಾಯ್ದೆ ಬಂದಿತ್ತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದು ಅದರಲ್ಲಿ ಬರೆದಿತ್ತು. “ಹತ್ತು ರೂಪಾಯಿಗೇ?” ಎಂದು ಅವನು ಬಾಯಿ ತೆರೆದ. ಅಂದಿನ ಹತ್ತು ರೂಪಾಯಿ ಎಂದರೆ ಏನು ಎಂದು ಹೇಳಲು ಇನ್ನೊಂದು ಸಂಜೆ ಹಿಡಿಯಿತು.

ಒಪ್ಪು ತಪ್ಪು

ವಿಮರ್ಶೆ ಎಂದ ಮೇಲೆ ಕೊರತೆಯನ್ನೂ ಬರೆಯಬೇಕು. ಒಂದು, ಅದೃಷ್ಟದ ಪಾಲು ದೊಡ್ಡದು. ಲೆಕ್ಕ ಬಲ್ಲವನೂ ಮೂರನೆಯ ಎಲೆಗೇ ಮುಳುಗಬಹುದು. ಚದುರಂಗದಂಥ ಆಟ ಬಯಸುವವರಿಗೆ ಇದು ಸಾಲದು. ಎರಡು, ಮೂವರೇ ಇದ್ದರೆ ಮಜಾ ಕಡಿಮೆ. ಐದಾರು ಮಂದಿ ಬೇಕು. ಮೂರು, ಹರಳು ಬಹಳ ಚಿಕ್ಕವು. ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಎಣಿಸಿ ಕೊಟ್ಟು ಎಣಿಸಿ ತೆಗೆದಿಡಿ. ನಾಲ್ಕು, ನಿಯಮದ ಹಾಳೆ ಇಂಗ್ಲಿಷಿನಲ್ಲಿದೆ. ಆದರೆ ಒಮ್ಮೆ ಯಾರಾದರೂ ಹೇಳಿಕೊಟ್ಟರೆ ಓದಲು ಬಾರದವರೂ ಆಡಬಹುದು. ಎಲೆಯ ಮೇಲೆ ಅಂಕಿ ಮತ್ತು ಚಿತ್ರ ಇದ್ದರೆ ಸಾಕಲ್ಲ.

ಒಪ್ಪುವ ಅಂಶ ಹೆಚ್ಚಿವೆ. ಬೇಗ ಮುಗಿಯುತ್ತದೆ. ಯಾರೂ ಆಟದಿಂದ ಹೊರಬೀಳುವುದಿಲ್ಲ, ಮುಂದಿನ ಸುತ್ತಿಗೆ ಮತ್ತೆ ಎಲ್ಲರೂ ಸಮ. ಎಂಟು ವರ್ಷದವನೂ ಎಪ್ಪತ್ತು ದಾಟಿದವನೂ ಒಂದೇ ಜಮಖಾನೆಯ ಮೇಲೆ ಸಮಬಲದಿಂದ ಆಡುವ ಆಟ ಎಷ್ಟಿವೆ ಹೇಳಿ? ಎಲ್ಲಕ್ಕಿಂತ ಮುಖ್ಯವಾಗಿ ಇದು ಏಳುವುದನ್ನು ಕಲಿಸುತ್ತದೆ. ಜೂಜು ಕೂರುವುದನ್ನು ಮಾತ್ರ ಕಲಿಸುತ್ತದೆ. ಧರ್ಮರಾಯನಿಗೆ ಧರ್ಮಶಾಸ್ತ್ರವೆಲ್ಲ ಗೊತ್ತಿತ್ತು, ಪಣದ ಮುಂದಿನಿಂದ ಏಳುವುದು ಗೊತ್ತಿರಲಿಲ್ಲ. ನನ್ನ ಕಾಕಾನ ಕಥೆಯೂ ಅದೇ. ಈಗ ಜಾತ್ರೆಗೆ ಹೋಗಬೇಕಾಗಿಯೂ ಇಲ್ಲ, ಜೂಜು ಫೋನಿನಲ್ಲೇ ಮನೆಗೆ ಬಂದಿತ್ತು. ನಮ್ಮ ಸುತ್ತಿನ ಊರುಗಳಲ್ಲೂ ಹುಡುಗರು ರಾತ್ರಿಯಿಡೀ ರಮ್ಮಿ ಆಡಿ ಬೈಕು ಮಾರಿದ್ದುಂಟು. ರಮ್ಮಿ ಮುಖ್ಯವಾಗಿ ಚಾತುರ್ಯದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತ್ತು. ಚಾತುರ್ಯವೇ ಇರಬಹುದು. ಆದರೆ ನಡುರಾತ್ರಿ ಒಬ್ಬನೇ ಕುಳಿತವನಿಗೆ ಸಾಕು ಎನ್ನುವವರು ಯಾರು? 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಒಳ್ಳೆಯದಾಯಿತು. ಕಾಯ್ದೆ ಹೊರಗಿನ ಬಾಗಿಲು ಹಾಕಬಲ್ಲದು. ಒಳಗಿನಿಂದ ‘ಸಾಕು’ ಎನ್ನುವುದನ್ನು ಮನೆಯೇ ಕಲಿಸಬೇಕು.

ಮನೆಯಲ್ಲೇ ಮಾಡಿಕೊಳ್ಳಿ

ಪುಣೆಯ ಮಕ್ಕಳು ಹೊರಡುವಾಗ ಡಬ್ಬಿಯೂ ಹೊರಟಿತು. ಇಲ್ಲಿನ ಮೊಮ್ಮಗನ ಮುಖ ಸಣ್ಣದಾಯಿತು. ಆಗ ನಾವಿಬ್ಬರೂ ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ 35 ಎಲೆ ಮಾಡಿದೆವು. ನೀವೂ ಮಾಡಬಹುದು. ನಿಧಿಯ 15 ಎಲೆಗೆ 1, 2, 3, 4, 5, 5, 7, 7, 9, 11, 11, 13, 14, 15, 17 ಎಂದು ಕನ್ನಡ ಅಂಕಿಯಲ್ಲೇ ಬರೆಯಿರಿ. ಅಪಾಯಕ್ಕೆ ನಮ್ಮೂರಿನವೇ ಸಾಕು: ಹಾವು, ಚೇಳು, ಹೆಜ್ಜೇನು, ಬೆಂಕಿ, ಬಂಡೆ, ತಲಾ ಮೂರು. ಹರಳಿನ ಬದಲು ಹುಣಸೆ ಬೀಜ ಒಂದಕ್ಕೆ, ಕವಡಿ ಐದಕ್ಕೆ, ಅಂಗಿಯ ಗುಂಡಿ ಹತ್ತಕ್ಕೆ. ಒಂದು ಎಚ್ಚರಿಕೆ: ಒಂದು ಸುತ್ತು ಯಾವ ಅಪಾಯದಿಂದ ಮುಗಿಯಿತೋ ಆ ಬಗೆಯ ಒಂದು ಎಲೆಯನ್ನು ಆಟ ಮುಗಿಯುವವರೆಗೆ ತೆಗೆದಿಡಬೇಕು. ಹೀಗಾಗಿ ಮುಂದಿನ ಸುತ್ತುಗಳಲ್ಲಿ ಲೆಕ್ಕ ಬದಲಾಗುತ್ತದೆ. ಯಾವುದು ಹೋಯಿತು ಎಂದು ನೆನಪಿಟ್ಟವನಿಗೆ ಲಾಭ. ಮೊದಲು ಹೊರಬಿದ್ದ ಮೂರು ಒಡವೆಗೆ ಐದೈದು, ಕೊನೆಯ ಎರಡಕ್ಕೆ ಹತ್ತು ಹತ್ತು.

ಆ ಐದು ಒಡವೆಗಳ ಹೆಸರು ಏನಿಡುವುದು ಎಂದು ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ಬಾಗಿಲ ಬಳಿಯಿಂದ ದನಿ ಬಂತು. “ಬೋರಮಾಳ, ಡಾಬು, ವಂಕಿ, ನಾಗಮುರಿಗಿ, ಪುತಳಿ ಸರಾ. ಬರಕೋರಿ.” ಚಿತ್ರವನ್ನೂ ಅವಳೇ ಬರೆದಳು. ಡಾಬು ಎಂದರೆ ಸೊಂಟಕ್ಕೆ, ವಂಕಿ ಎಂದರೆ ತೋಳಿಗೆ ಎಂದು ಮೊಮ್ಮಗನಿಗೆ ತಿಳಿಸಿದಳು. ಬರೆದು ಮುಗಿಸಿ, “ಈ ಒಡವಿ ನನ್ನ ಕೈಯಾಗ ಆದಾವ, ಬ್ಯಾರೆದವ್ರು ಹೆಂಗ ಒಯ್ತಾರ ನೋಡ್ತೀನಿ” ಎಂದು ಜಮಖಾನೆಯ ಮೇಲೆ ಬಂದು ಕುಳಿತಳು.

ಅವಳು ಹೇಗೆ ಆಡುತ್ತಾಳೆ ಎಂದು ಕೇಳುತ್ತೀರಾ? ಯಾವಾಗಲೂ ಎಲ್ಲರಿಗಿಂತ ಮೊದಲು ಹೊರಗೆ ಬರುತ್ತಾಳೆ, ಚಿಲ್ಲರೆ ಎಣಿಸಿ ಸೆರಗಿಗೆ ಕಟ್ಟುತ್ತಾಳೆ. ಸೆರಗು ಬಿಚ್ಚಿಸಿ ಹುಣಸೆ ಬೀಜ ಮರಳಿ ಪಡೆಯುವುದೇ ನಮಗೀಗ ಆರನೆಯ ಸುತ್ತು.